ಎರಡು ಹೆಸರು, ಒಂದೇ ಮ್ಯಾಟ್ರಿಕ್ಸ್

(ಪದವಿ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಸಂಘದ ವತಿಯಿಂದ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಬೋರ್ಡಿನ ಮೇಲೆ ಬರೆದ ಪ್ರೋಗ್ರಾಂ ಸಾಲುಗಳನ್ನು ಮುದ್ರಣದ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲೇ ಕೊಡಲಾಗಿದೆ.)





ಕಂಪ್ಯೂಟರ್ ಕ್ಷೇತ್ರದಲ್ಲಿರುವ ಉದ್ಯೋಗಾವಕಾಶಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದರು. ಆ ವಿಷಯದಲ್ಲಿ ನೀವು ಈಗಾಗಲೇ ಸಾಕಷ್ಟು ಭಾಷಣಗಳನ್ನು ಕೇಳಿರುತ್ತೀರಿ. ಕೆಲಸ ಎಲ್ಲಿ ಸಿಗುತ್ತದೆ ಎಂಬುದು ಮುಖ್ಯ, ನಿಜ. ಆದರೆ ಸಿಕ್ಕಿದ ಕೆಲಸವನ್ನು ತಪ್ಪಿಲ್ಲದೆ ಮಾಡುವುದು ಹೇಗೆ ಎಂಬುದು ಅದಕ್ಕಿಂತಲೂ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಅವರ ಅನುಮತಿ ಪಡೆದು, ಇಂದು ಒಂದೇ ಒಂದು ಚಿಹ್ನೆಯ ಬಗ್ಗೆ ಮಾತನಾಡಲು ಬಂದಿದ್ದೇನೆ. ಅದು ನೀವು ಒಂದನೇ ತರಗತಿಯಿಂದಲೂ ಬರೆಯುತ್ತಾ ಬಂದಿರುವ ಸಮ ಚಿಹ್ನೆ. ಗಣಿತದ ಪುಸ್ತಕದಲ್ಲಿ ಅದಕ್ಕೆ ಒಂದು ಅರ್ಥವಿದ್ದರೆ ಪ್ರೋಗ್ರಾಮಿನಲ್ಲಿ ಇನ್ನೊಂದು ಅರ್ಥವಿದೆ. ಈ ವ್ಯತ್ಯಾಸವನ್ನು ಸರಿಯಾಗಿ ತಿಳಿಯದೆ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ನನ್ನಿಂದಾದ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಆಂತರಿಕ ಪರೀಕ್ಷೆ ನಡೆಯಿತು. ಅರವತ್ತು ವಿದ್ಯಾರ್ಥಿಗಳು, ಆರು ವಿಷಯಗಳು. ಅಂಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಫಲಿತಾಂಶ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅರವತ್ತು ಅಡ್ಡಸಾಲು, ಆರು ಕಂಬಸಾಲು. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಮ್ಯಾಟ್ರಿಕ್ಸ್. ಪೈಥಾನ್ ಭಾಷೆಯಲ್ಲಿ, ಮ್ಯಾಟ್ರಿಕ್ಸ್ ಲೆಕ್ಕಗಳಿಗೆಂದೇ ಇರುವ ನಂಪೈ ಎಂಬ ಸೌಲಭ್ಯವನ್ನು ಬಳಸಿ ಪ್ರೋಗ್ರಾಂ ಬರೆದೆ.

ಆ ಬಾರಿ ಗಣಿತದ ಪ್ರಶ್ನೆಪತ್ರಿಕೆ ಬಹಳ ಕಠಿಣವಾಗಿತ್ತು. ಎಲ್ಲರಿಗೂ ಐದು ಅಂಕ ಕೃಪಾಂಕ ಕೊಟ್ಟರೆ ಎಷ್ಟು ಮಂದಿ ಪಾಸಾಗುತ್ತಾರೆ, ನೋಡಿ ಹೇಳಿ ಎಂದು ಹಿರಿಯರು ಹೇಳಿದರು. ನಾನು ಜಾಗ್ರತೆಯ ಮನುಷ್ಯ ಎಂದುಕೊಂಡಿದ್ದೆ. ಆದ್ದರಿಂದ ಮೊದಲು ಹಳೆಯ ಅಂಕಗಳನ್ನು ತೆಗೆದಿರಿಸಿದೆ. ಬರೆದ ಸಾಲು ಇದು:

ಹಳೆಯದು = ಅಂಕಗಳು

ನಂತರ ಅಂಕಗಳು ಎಂಬ ಮ್ಯಾಟ್ರಿಕ್ಸಿನ ಗಣಿತದ ಕಂಬಸಾಲಿಗೆ ಐದೈದು ಕೂಡಿಸಿದೆ. ಎಷ್ಟು ಮಂದಿ ಪಾಸಾಗುತ್ತಾರೆಂದು ಲೆಕ್ಕ ತೆಗೆದು ಕೊಟ್ಟೆ. ಹಿರಿಯರು ಚರ್ಚಿಸಿ, ಕೃಪಾಂಕ ಬೇಡ, ಇದ್ದ ಅಂಕವೇ ಇರಲಿ ಎಂದು ತೀರ್ಮಾನಿಸಿದರು. ನಾನು "ಹಳೆಯದು" ಎಂಬ ಪಟ್ಟಿಯನ್ನು ಮುದ್ರಿಸಿ ಸಂಜೆ ನೋಟಿಸ್ ಬೋರ್ಡಿಗೆ ಹಾಕಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಗಣಿತದ ಉಪನ್ಯಾಸಕರು ತಮ್ಮ ಕೈಯಲ್ಲಿದ್ದ ಕಾಗದದ ಪಟ್ಟಿಗೆ ತಾಳೆ ನೋಡಿದಾಗ ಎಲ್ಲರ ಅಂಕವೂ ಐದು ಹೆಚ್ಚಾಗಿತ್ತು. ಅನುತ್ತೀರ್ಣರಾಗಿದ್ದ ನಾಲ್ವರು ಬೋರ್ಡಿನ ಮೇಲೆ ಉತ್ತೀರ್ಣರಾಗಿದ್ದರು. ಹಳೆಯ ಪಟ್ಟಿಯನ್ನು ಕಿತ್ತು ಸರಿಯಾದ ಪಟ್ಟಿ ಅಂಟಿಸಿದೆವು. ಆ ನಾಲ್ವರಲ್ಲಿ ಒಬ್ಬಳು ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ನಿನ್ನೆ ಪಾಸಾಗಿದ್ದೆ, ಇವತ್ತು ಫೇಲ್ ಹೇಗೆ ಸರ್?" ಎಂದು ಕೇಳಿದಳು. ಹಿಂದಿನ ರಾತ್ರಿ ಅವಳ ತಂದೆ ಅಂಗಡಿ ಮುಚ್ಚಿ ಬರುವಾಗ ಸಿಹಿ ತಂದು ಅಕ್ಕಪಕ್ಕದ ಮನೆಗಳಿಗೂ ಹಂಚಿದ್ದರಂತೆ.

ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ತಂದೆ ಒಂದು ಮಾತೂ ಗಡುಸಾಗಿ ಆಡಲಿಲ್ಲ. "ತಪ್ಪು ಯಾರಿಂದಲೂ ಆಗ್ತದೆ ಮಾಸ್ಟ್ರೇ. ಆದರೆ ಹಳೆಯದನ್ನು ತೆಗೆದಿಟ್ಟಿದ್ದೆ ಅಂತೀರಲ್ಲ, ಅದು ಎಲ್ಲಿ ಹೋಯ್ತು? ಅದೊಂದು ಹೇಳಿ" ಎಂದರು.

ಪ್ರಿಯ ವಿದ್ಯಾರ್ಥಿಗಳೇ, ಅದು ಎಲ್ಲಿಗೂ ಹೋಗಿರಲಿಲ್ಲ. ಅದು ಯಾವತ್ತೂ ಇರಲೇ ಇಲ್ಲ. ನಾನು ತೆಗೆದಿರಿಸಿದ್ದು ಅಂಕಗಳನ್ನಲ್ಲ, ಬರೀ ಒಂದು ಹೆಸರನ್ನು.

ಮನೆ ಮತ್ತು ಮನೆಯ ಹೆಸರು

ಇದನ್ನು ಆ ತಂದೆಗೆ ನಾನು ಹೇಗೆ ವಿವರಿಸಿದೆನೋ ಹಾಗೆಯೇ ನಿಮಗೂ ವಿವರಿಸುತ್ತೇನೆ. ಕಂಪ್ಯೂಟರ್ ಓದದ ಹಿರಿಯರಿಗೂ ಇದು ತಿಳಿಯುವಂಥದ್ದೇ.

ಊರಿನಲ್ಲಿ ಒಂದು ಮನೆಯಿದೆ. ಮೊಮ್ಮಕ್ಕಳು ಅದನ್ನು "ಅಜ್ಜಿ ಮನೆ" ಎನ್ನುತ್ತಾರೆ. ಬೀದಿಯವರು "ಮಾವಿನಮರದ ಮನೆ" ಎನ್ನುತ್ತಾರೆ. ಹೆಸರು ಎರಡು, ಮನೆ ಒಂದೇ. ಯಾರೋ ಬಂದು ಮಾವಿನಮರದ ಮನೆಗೆ ಹಸಿರು ಬಣ್ಣ ಬಳಿದರೆ ಅಜ್ಜಿ ಮನೆಯೂ ಹಸಿರಾಗುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1991ರಲ್ಲಿ ಗಿಡೋ ವಾನ್ ರಾಸಮ್ ಅವರು ಹೊರತಂದ ಪೈಥಾನ್ ಭಾಷೆಯಲ್ಲಿ ಸಮ ಚಿಹ್ನೆಯ ಕೆಲಸ ಇಷ್ಟೇ: ಬಲಗಡೆ ಇರುವ ವಸ್ತುವಿಗೆ ಎಡಗಡೆಯ ಹೆಸರನ್ನು ಅಂಟಿಸುವುದು. "ಹಳೆಯದು = ಅಂಕಗಳು" ಎಂದು ನಾನು ಬರೆದಾಗ ಕಂಪ್ಯೂಟರಿನ ನೆನಪಿನಲ್ಲಿ ಎರಡನೆಯ ಮ್ಯಾಟ್ರಿಕ್ಸ್ ಹುಟ್ಟಲಿಲ್ಲ. ಇದ್ದ ಒಂದೇ ಮ್ಯಾಟ್ರಿಕ್ಸಿಗೆ ಎರಡನೆಯ ಹೆಸರು ಬಂತು, ಅಷ್ಟೇ. ಇದನ್ನು ರೆಫರೆನ್ಸ್ ಹಂಚಿಕೊಳ್ಳುವುದು ಎನ್ನುತ್ತಾರೆ. ರೆಫರೆನ್ಸ್ ಎಂದರೆ ವಿಳಾಸ ಎಂದು ಇಟ್ಟುಕೊಳ್ಳಿ. ಎರಡು ಹೆಸರುಗಳೂ ಒಂದೇ ವಿಳಾಸವನ್ನು ಹಿಡಿದುಕೊಂಡಿವೆ.

ನನಗೆ ಬೇಕಾಗಿದ್ದುದು ಬೇರೆ. ಅದೇ ನಕ್ಷೆಯಲ್ಲಿ, ಅದೇ ಬಣ್ಣದಲ್ಲಿ, ಪಕ್ಕದ ಸೈಟಿನಲ್ಲಿ ಇನ್ನೊಂದು ಮನೆ. ಅದಕ್ಕೆ ಬರೆಯಬೇಕಾದ ಸಾಲು:

ಹಳೆಯದು = ಅಂಕಗಳು.ಕಾಪಿ()

ಈಗ ಎರಡು ಮ್ಯಾಟ್ರಿಕ್ಸ್‌ಗಳಿವೆ. ಒಂದಕ್ಕೆ ಕೃಪಾಂಕ ಕೊಟ್ಟರೆ ಇನ್ನೊಂದು ಹಾಗೆಯೇ ಉಳಿಯುತ್ತದೆ. ಒಂದು ಚುಕ್ಕಿ, ಒಂದು ಪದ, ಒಂದು ಜೊತೆ ಆವರಣ. ನಾಲ್ಕು ಮನೆಗಳ ಒಂದು ರಾತ್ರಿಯ ಸಂತೋಷ ಇಷ್ಟರ ಮೇಲೆ ನಿಂತಿತ್ತು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ನಂಪೈ ಮ್ಯಾಟ್ರಿಕ್ಸಿಗೆ "ಎ = ಎ + 5" ಎಂದು ಬರೆದರೆ ಕೂಡಿಸಿ ಬಂದ ಉತ್ತರಕ್ಕಾಗಿ ಹೊಸ ಮನೆಯೊಂದು ಕಟ್ಟಲ್ಪಡುತ್ತದೆ, ಎ ಎಂಬ ಹೆಸರು ಅಲ್ಲಿಗೆ ಹೋಗುತ್ತದೆ. ಅದೇ "ಎ += 5" ಎಂದು ಬರೆದರೆ ಇದ್ದ ಮನೆಯೊಳಗೇ ಬದಲಾವಣೆ ನಡೆಯುತ್ತದೆ. ಎರಡೂ ಸಾಲುಗಳನ್ನು ಓದುವಾಗ ಅರ್ಥ ಒಂದೇ ಎನಿಸುತ್ತದೆ. ಆದರೆ ಆ ಮನೆಗೆ ಇನ್ನೊಂದು ಹೆಸರಿದ್ದರೆ ಪರಿಣಾಮ ಒಂದೇ ಅಲ್ಲ.

ಸುಳ್ಳು ಹೇಳುವ ತಾಳೆ

ಅಂಕಪಟ್ಟಿಯ ತಪ್ಪು ಸಿಕ್ಕಿಬಿದ್ದದ್ದು ಕಾಗದದ ಪಟ್ಟಿ ಬೇರೆಯಾಗಿ ಇದ್ದುದರಿಂದ. ಎಲ್ಲವೂ ಕಂಪ್ಯೂಟರಿನೊಳಗೇ ಇದ್ದಾಗ ಏನಾಗುತ್ತದೆ? ಒಂದು ಚಿಕ್ಕ ಲೆಕ್ಕ ನೋಡೋಣ.

ಎರಡು ಪೆನ್ನು ಮತ್ತು ಒಂದು ಪೆನ್ಸಿಲ್ಲಿಗೆ 9 ರೂಪಾಯಿ. ನಾಲ್ಕು ಪೆನ್ನು ಮತ್ತು ಐದು ಪೆನ್ಸಿಲ್ಲಿಗೆ 21 ರೂಪಾಯಿ. ಒಂದೊಂದರ ಬೆಲೆ ಎಷ್ಟು? ಪಿಯುಸಿಯಲ್ಲಿ ನೀವು ಮಾಡಿದ ಹಾಗೆ ಸಂಖ್ಯೆಗಳನ್ನು ಮ್ಯಾಟ್ರಿಕ್ಸಿನಲ್ಲಿಟ್ಟು, ಮೊದಲ ಸಾಲಿನ ಎರಡರಷ್ಟನ್ನು ಎರಡನೆಯ ಸಾಲಿನಿಂದ ಕಳೆಯುತ್ತೇವೆ. ಪೆನ್ನು ಮಾಯವಾಗುತ್ತದೆ. ಮೂರು ಪೆನ್ಸಿಲ್ಲಿಗೆ 21ರಲ್ಲಿ 18 ಕಳೆದು 3 ರೂಪಾಯಿ. ಪೆನ್ಸಿಲ್ 1 ರೂಪಾಯಿ, ಪೆನ್ನು 4 ರೂಪಾಯಿ. ಇದು ಗಾಸ್ ಅವರ ಹೆಸರಿನ ನಿರ್ಮೂಲನ ವಿಧಾನ.

ಈಗ ಒಬ್ಬ ವಿದ್ಯಾರ್ಥಿ ಪ್ರೋಗ್ರಾಂ ಬರೆಯುವಾಗ ಬಲಗಡೆಯಲ್ಲಿ 18 ಕಳೆಯುವ ಬದಲು 9ನ್ನೇ ಕಳೆದುಬಿಟ್ಟ ಎಂದುಕೊಳ್ಳಿ. ಮೂರು ಪೆನ್ಸಿಲ್ಲಿಗೆ 12 ರೂಪಾಯಿ ಬರುತ್ತದೆ. ಪೆನ್ಸಿಲ್ 4 ರೂಪಾಯಿ, ಪೆನ್ನು ಎರಡೂವರೆ ರೂಪಾಯಿ. ತಪ್ಪು ಉತ್ತರ. ಆದರೆ ಆತ ಒಳ್ಳೆಯ ವಿದ್ಯಾರ್ಥಿ. ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡಬೇಕೆಂದು ಅವನಿಗೆ ಗೊತ್ತು. ಮೂಲ ಸಮೀಕರಣಕ್ಕೆ ಹಾಕಿದರೆ ನಾಲ್ಕು ಪೆನ್ನಿಗೆ 10, ಐದು ಪೆನ್ಸಿಲ್ಲಿಗೆ 20, ಒಟ್ಟು 30. ಬರಬೇಕಾದದ್ದು 21. ತಪ್ಪು ಕೂಡಲೇ ಬಯಲಾಗಬೇಕು.

ಬಯಲಾಗುವುದಿಲ್ಲ! ಏಕೆಂದರೆ "ಮೂಲ = ಮ್ಯಾಟ್ರಿಕ್ಸ್" ಎಂದು ಬರೆದು ಆತ ಮೂಲವನ್ನು ಕಾಪಾಡಿಕೊಂಡಿದ್ದೇನೆಂದು ತಿಳಿದಿದ್ದಾನೆ. ನಿರ್ಮೂಲನ ನಡೆದದ್ದು ಆ ಒಂದೇ ಮನೆಯಲ್ಲಿ. ಮೂಲ ಎಂಬ ಹೆಸರಿನಲ್ಲಿ ಈಗಿರುವುದು ಮೂಲ ಸಮೀಕರಣವಲ್ಲ, "ಮೂರು ಪೆನ್ಸಿಲ್ಲಿಗೆ 12 ರೂಪಾಯಿ" ಎಂಬ ಕೆಟ್ಟುಹೋದ ಸಮೀಕರಣ. ಮೂರು ನಾಲ್ಕಲ ಹನ್ನೆರಡು. ತಾಳೆ ಸರಿಯಾಯಿತು! ಮೊದಲ ಸಾಲಿನಲ್ಲೂ ಎರಡು ಪೆನ್ನಿಗೆ 5, ಒಂದು ಪೆನ್ಸಿಲ್ಲಿಗೆ 4, ಒಟ್ಟು 9. ಅದೂ ಸರಿ! ಪೆನ್ನಿಗಿಂತ ಪೆನ್ಸಿಲ್ ದುಬಾರಿ ಎಂದು ಯಾರಾದರೂ ಹುಬ್ಬೇರಿಸುವವರೆಗೂ ಪ್ರೋಗ್ರಾಂ "ಸರಿಯಾಗಿದೆ" ಎಂದೇ ಹೇಳುತ್ತಿರುತ್ತದೆ.

ತಪ್ಪು ಲೆಕ್ಕಕ್ಕಿಂತ ಅಪಾಯಕಾರಿಯಾದದ್ದು ಇದು. ಲೆಕ್ಕವನ್ನು ಪರೀಕ್ಷಿಸಲು ಇಟ್ಟ ಸಾಕ್ಷಿಯೇ ಲೆಕ್ಕದ ಜೊತೆ ಬದಲಾಗಿಬಿಟ್ಟಿದೆ. ಹೋಲಿಸಿ ನೋಡಬೇಕಾದರೆ ಎರಡು ವಸ್ತುಗಳು ಬೇಕು. ಎರಡು ಹೆಸರುಗಳಿದ್ದ ಮಾತ್ರಕ್ಕೆ ಎರಡು ವಸ್ತುಗಳಿವೆ ಎಂದಾಗುವುದಿಲ್ಲ. ಇವತ್ತಿನ ನನ್ನ ಭಾಷಣದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಮಾತು ಒಂದಿದ್ದರೆ ಅದು ಇದೇ.

ಇನ್ನೂ ಒಂದು ಎಚ್ಚರಿಕೆ. ಈ ತಪ್ಪಿಗೆ ಸಮ ಚಿಹ್ನೆ ಬರೆಯಲೇಬೇಕೆಂದಿಲ್ಲ. ಮ್ಯಾಟ್ರಿಕ್ಸನ್ನು ಒಂದು ಫಂಕ್ಷನ್ನಿಗೆ ಕೊಟ್ಟಾಗಲೂ ಪೈಥಾನಿನಲ್ಲಿ ಒಳಗೆ ಹೋಗುವುದು ವಿಳಾಸವೇ. ಫಂಕ್ಷನ್ ಒಳಗೆ ಕುಳಿತು ಅದನ್ನು ತಿದ್ದಿದರೆ ಹೊರಗಿನ ನಿಮ್ಮ ಮ್ಯಾಟ್ರಿಕ್ಸೇ ತಿದ್ದಿಹೋಗುತ್ತದೆ.

ಮೊದಲ ಸುತ್ತಿಗೇ ನಿಂತ ಲೆಕ್ಕ

ಇಂಜಿನಿಯರಿಂಗ್ ಓದುತ್ತಿರುವವರಿಗಾಗಿ ಎರಡನೆಯ ಉದಾಹರಣೆ. ಒಂದು ಚೌಕಾಕಾರದ ಲೋಹದ ತಗಡು. ಮೇಲಿನ ಅಂಚನ್ನು 100 ಡಿಗ್ರಿಯಲ್ಲಿ, ಉಳಿದ ಮೂರು ಅಂಚುಗಳನ್ನು 0 ಡಿಗ್ರಿಯಲ್ಲಿ ಇಟ್ಟಿದ್ದೇವೆ. ಒಳಗೆ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಬಿಂದುಗಳು. ಬಹಳ ಹೊತ್ತಿನ ನಂತರ ಅವುಗಳ ಉಷ್ಣತೆ ಎಷ್ಟು? ನಿಯಮ ಸರಳ: ಪ್ರತಿಯೊಂದು ಬಿಂದುವಿನ ಉಷ್ಣತೆ ತನ್ನ ನಾಲ್ಕು ನೆರೆಯ ಬಿಂದುಗಳ ಸರಾಸರಿ. ಎಲ್ಲ ಬಿಂದುಗಳನ್ನೂ ಸೊನ್ನೆಯಿಂದ ಪ್ರಾರಂಭಿಸಿ, ಸರಾಸರಿ ತೆಗೆಯುತ್ತಾ ಸುತ್ತು ಸುತ್ತಾಗಿ ಹೋಗುತ್ತೇವೆ. ಹಿಂದಿನ ಸುತ್ತಿಗೂ ಈ ಸುತ್ತಿಗೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆಯಾದಾಗ ನಿಲ್ಲಿಸುತ್ತೇವೆ.

ನಡುಬಿಂದುವಿನ ಸರಿಯುತ್ತರ 25 ಡಿಗ್ರಿ. ಇದನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ನಾಲ್ಕೂ ಅಂಚುಗಳು 100 ಇದ್ದರೆ ನಡುವೆಯೂ 100 ಇರಬೇಕು. ಅದರಲ್ಲಿ ಪ್ರತಿ ಅಂಚಿನ ಪಾಲು ಸಮ. ಒಂದೇ ಅಂಚು ಬಿಸಿಯಿದ್ದರೆ ನಾಲ್ಕರಲ್ಲಿ ಒಂದು ಪಾಲು.

ಪ್ರೋಗ್ರಾಮಿನಲ್ಲಿ ಪ್ರತಿ ಸುತ್ತಿನ ಆರಂಭದಲ್ಲಿ "ಹಳೆ = ಹೊಸ" ಎಂದು ಬರೆದರೆ ಏನಾಗುತ್ತದೆ? ಸುತ್ತು ಮುಗಿದ ಮೇಲೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ನೋಡಿದರೆ ಸೊನ್ನೆ. ಆಗಲೇಬೇಕಲ್ಲ, ಎರಡೂ ಒಂದೇ! ಪ್ರೋಗ್ರಾಂ ಮೊದಲ ಸುತ್ತಿಗೇ "ಲೆಕ್ಕ ಮುಗಿಯಿತು" ಎಂದು ನಿಂತುಬಿಡುತ್ತದೆ. ಮೇಲಿನಿಂದ ಸಾಲು ಸಾಲಾಗಿ, ಎಡದಿಂದ ಬಲಕ್ಕೆ ಹೋಗಿದ್ದರೆ ಆಗ ನಡುಬಿಂದುವಿನಲ್ಲಿ ಇರುವುದು 9.375 ಡಿಗ್ರಿ. ಇಪ್ಪತ್ತೈದರ ಹತ್ತಿರಕ್ಕೂ ಬಂದಿಲ್ಲ. ಲೆಕ್ಕ ಬೇಗ ಮುಗಿಯಿತೆಂದು ನಾವು ಸಂತೋಷಪಡುತ್ತೇವೆ.

ಇಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ಪ್ರತಿ ಸುತ್ತಿಗೂ ಹಿಂದಿನ ಸುತ್ತಿನ ಬೆಲೆಗಳನ್ನಷ್ಟೇ ಬಳಸುವುದು ಯಾಕೋಬಿ ವಿಧಾನ. ಆಗತಾನೇ ಬದಲಾದ ಬೆಲೆಗಳನ್ನೂ ಕೂಡಲೇ ಬಳಸಿಕೊಳ್ಳುವುದು ಗಾಸ್-ಸೈಡಲ್ ವಿಧಾನ. ಮೊದಲನೆಯದಕ್ಕೆ ಎರಡು ಮ್ಯಾಟ್ರಿಕ್ಸ್ ಬೇಕು, ಎರಡನೆಯದಕ್ಕೆ ಒಂದೇ ಸಾಕು. ಅಂದರೆ ನಕಲು ಮಾಡದೆ ಹಂಚಿಕೊಂಡವನು ಯಾಕೋಬಿ ವಿಧಾನ ಎಂದು ತಲೆಬರಹ ಹಾಕಿ, ತನಗೇ ತಿಳಿಯದಂತೆ ಗಾಸ್-ಸೈಡಲ್ ವಿಧಾನವನ್ನು ಬರೆದಿರುತ್ತಾನೆ. ಗಾಸ್-ಸೈಡಲ್ ಒಳ್ಳೆಯ ವಿಧಾನವೇ. ಆದರೆ ಯಾವುದನ್ನು ಬರೆದಿದ್ದೇವೆ ಎಂದು ನಮಗೆ ಗೊತ್ತಿರಬೇಕು.

ಅರ್ಧ ನಕಲು

"ಸರಿ ಸರ್, ಇನ್ನು ಮೇಲೆ ಕಾಪಿ ಎಂದೇ ಬರೆಯುತ್ತೇವೆ" ಎಂದು ನೀವು ಹೇಳಬಹುದು. ಅಲ್ಲಿಯೂ ಒಂದು ಗುಂಡಿಯಿದೆ.

ನಂಪೈ ಇಲ್ಲದೆ ಬರೀ ಪೈಥಾನಿನಲ್ಲಿ ಮ್ಯಾಟ್ರಿಕ್ಸ್ ಬರೆಯುವಾಗ ನಾವು ಪಟ್ಟಿಗಳ ಪಟ್ಟಿ ಮಾಡುತ್ತೇವೆ. ಹೊರಗಿನ ಪಟ್ಟಿಯಲ್ಲಿ ಇರುವುದು ಸಂಖ್ಯೆಗಳಲ್ಲ, ಒಂದೊಂದು ಸಾಲಿನ ವಿಳಾಸ. ಅದನ್ನು ಕಾಪಿ ಮಾಡಿದರೆ ವಿಳಾಸಗಳ ಪುಸ್ತಕ ಮಾತ್ರ ಎರಡಾಗುತ್ತದೆ. ನಿಮ್ಮ ಡೈರಿಯಲ್ಲಿರುವ ನೆಂಟರ ವಿಳಾಸಗಳನ್ನು ಜೆರಾಕ್ಸ್ ಮಾಡಿಸಿದರೆ ನೆಂಟರ ಮನೆಗಳು ಎರಡಾಗುತ್ತವೆಯೇ? ಇದನ್ನು ಶ್ಯಾಲೋ ಕಾಪಿ, ಅಂದರೆ ಮೇಲುಮೇಲಿನ ನಕಲು ಎನ್ನುತ್ತಾರೆ. ಒಳಗಿನ ಸಾಲುಗಳೂ ಬೇರೆಯಾಗಬೇಕಾದರೆ ಪೈಥಾನಿನ ಕಾಪಿ ಎಂಬ ಮಾಡ್ಯೂಲಿನಲ್ಲಿರುವ ಡೀಪ್‌ಕಾಪಿಯನ್ನು ಬಳಸಬೇಕು. ಜಾವಾ ಭಾಷೆಯಲ್ಲಿ ಎರಡು ಆಯಾಮದ ಅರೇಯನ್ನು ಕ್ಲೋನ್ ಮಾಡಿದರೂ ಇದೇ ಕಥೆ. ಸಾಲುಗಳು ಹಂಚಿಕೆಯಾಗಿಯೇ ಉಳಿಯುತ್ತವೆ.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪು ಪ್ರತಿ ವರ್ಷವೂ ನನ್ನ ತರಗತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ಸಾಲು ಮೂರು ಕಂಬದ ಸೊನ್ನೆಗಳ ಮ್ಯಾಟ್ರಿಕ್ಸ್ ಬೇಕೆಂದು ಹೀಗೆ ಬರೆಯುತ್ತಾರೆ:

ಎಂ = [[0] * 3] * 3

ಮುದ್ರಿಸಿ ನೋಡಿದರೆ ಒಂಬತ್ತು ಸೊನ್ನೆಗಳು ಸರಿಯಾಗಿಯೇ ಕಾಣುತ್ತವೆ. ಮೊದಲ ಸಾಲಿನ ಮೊದಲ ಮನೆಯಲ್ಲಿ 7 ಎಂದು ಬರೆಯಿರಿ. ಮೂರೂ ಸಾಲುಗಳಲ್ಲಿ 7 ಬರುತ್ತದೆ! ಏಕೆಂದರೆ ಮೂರು ಸಾಲುಗಳಿಲ್ಲ. ಒಂದೇ ಸಾಲಿನ ವಿಳಾಸ ಮೂರು ಸಲ ಬರೆಯಲ್ಪಟ್ಟಿದೆ.

ಮ್ಯಾಟ್ರಿಕ್ಸಿನ ಒಂದು ಭಾಗವನ್ನು ಕತ್ತರಿಸಿ ತೆಗೆಯುವಾಗಲೂ ಎಚ್ಚರ ಬೇಕು. ಪೈಥಾನಿನ ಸಾಮಾನ್ಯ ಪಟ್ಟಿಯಿಂದ ಒಂದು ತುಂಡು ತೆಗೆದರೆ ಹೊಸ ಪಟ್ಟಿ ಸಿಗುತ್ತದೆ. ನಂಪೈ ಮ್ಯಾಟ್ರಿಕ್ಸಿನಿಂದ ಅದೇ ಬರವಣಿಗೆಯಲ್ಲಿ ಒಂದು ತುಂಡು ತೆಗೆದರೆ ಸಿಗುವುದು ಅದೇ ಮನೆಯ ಒಂದು ಕೋಣೆ. ಇದಕ್ಕೆ ವ್ಯೂ ಎಂದು ಹೆಸರು. ಆ ಕೋಣೆಯಲ್ಲಿ ಏನು ಬದಲಿಸಿದರೂ ಮನೆ ಬದಲಾಗುತ್ತದೆ. ಅಡ್ಡಸಾಲು ಕಂಬಸಾಲುಗಳನ್ನು ಅದಲು ಬದಲು ಮಾಡುವ ಟ್ರಾನ್ಸ್‌ಪೋಸ್ ಕೂಡ ನಂಪೈಯಲ್ಲಿ ವ್ಯೂ ಮಾತ್ರ. ಆದರೆ "ಮೂವತ್ತೈದಕ್ಕಿಂತ ಕಡಿಮೆ ಇರುವವನ್ನು ಆರಿಸಿ ಕೊಡು" ಎಂದು ಷರತ್ತು ಹಾಕಿ ತೆಗೆದ ಭಾಗ ಮಾತ್ರ ನಕಲು. ಇವನ್ನು ಊಹಿಸಬಾರದು, ತಿಳಿದುಕೊಳ್ಳಬೇಕು.

ಭಾಷೆಯಿಂದ ಭಾಷೆಗೆ

ಮ್ಯಾಟ್ರಿಕ್ಸ್ ಎಂಬ ಪದವನ್ನು ಗಣಿತಕ್ಕೆ ತಂದವರು ಇಂಗ್ಲೆಂಡಿನ ಸಿಲ್ವೆಸ್ಟರ್, 1850ರಲ್ಲಿ. ಅವರ ಗೆಳೆಯ ಕೇಲಿ 1858ರಲ್ಲಿ ಮ್ಯಾಟ್ರಿಕ್ಸ್‌ಗಳ ಬೀಜಗಣಿತದ ಬಗ್ಗೆ ಪ್ರಸಿದ್ಧ ಲೇಖನ ಬರೆದರು. ಅವರ ಕಾಗದದ ಮೇಲೆ ಈ ಸಮಸ್ಯೆಯೇ ಇರಲಿಲ್ಲ. ಗಣಿತದಲ್ಲಿ ಎ ಮತ್ತು ಬಿ ಸಮ ಎಂದರೆ ಸಮ. ನಾಳೆ ಎ ಬದಲಾಗುವ ಪ್ರಶ್ನೆಯೇ ಇಲ್ಲ. ಕಂಪ್ಯೂಟರಿನಲ್ಲಿ ಮ್ಯಾಟ್ರಿಕ್ಸಿಗೆ ಒಂದು ಜಾಗ ಬೇಕಾಯಿತು, ಜಾಗದೊಳಗಿನ ಸಂಖ್ಯೆಗಳು ಬದಲಾಗತೊಡಗಿದವು. ಪ್ರಶ್ನೆ ಹುಟ್ಟಿದ್ದು ಆಗ.

ಈ ಪ್ರಶ್ನೆಗೆ ಒಂದೊಂದು ಭಾಷೆ ಒಂದೊಂದು ಉತ್ತರ ಕೊಟ್ಟಿದೆ. ಸಿ ಭಾಷೆಯಲ್ಲಿ ಒಂದು ಅರೇಯನ್ನು ಇನ್ನೊಂದಕ್ಕೆ ಸಮ ಚಿಹ್ನೆಯಿಂದ ಕೊಡಲು ಅವಕಾಶವೇ ಇಲ್ಲ. ಫಂಕ್ಷನ್ನಿಗೆ ಕೊಟ್ಟರೆ ಮೊದಲ ಅಂಶದ ವಿಳಾಸ ಮಾತ್ರ ಹೋಗುತ್ತದೆ. ಸಿ++ ಭಾಷೆಯ ವೆಕ್ಟರ್‌ನಲ್ಲಿ ಸಮ ಚಿಹ್ನೆ ಎಲ್ಲವನ್ನೂ ನಕಲು ಮಾಡುತ್ತದೆ. ಹಂಚಿಕೊಳ್ಳಬೇಕಾದರೆ ರೆಫರೆನ್ಸ್ ಎಂದು ನಾವೇ ಗುರುತು ಹಾಕಬೇಕು. 2012ರಲ್ಲಿ ಬಿಡುಗಡೆಯಾದ ಜೂಲಿಯಾ ಭಾಷೆಯಲ್ಲಿ ಸಮ ಚಿಹ್ನೆ ಹಂಚುತ್ತದೆ, ಆದರೆ ತುಂಡು ತೆಗೆದರೆ ನಕಲು ಸಿಗುತ್ತದೆ. ನಂಪೈಗೆ ಇದು ತದ್ವಿರುದ್ಧ.

ಮ್ಯಾಟ್‌ಲ್ಯಾಬ್ ಇನ್ನೊಂದು ಜಾಣ ದಾರಿ ಹಿಡಿದಿದೆ. ನಮ್ಮ ಕಾಲೇಜು ಲೈಬ್ರರಿಯ ರೆಫರೆನ್ಸ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಓದುವವರೆಲ್ಲ ಒಂದೇ ಪುಸ್ತಕವನ್ನು ಓದಬಹುದು. ಅದರಲ್ಲಿ ಗೆರೆ ಎಳೆಯಬೇಕು, ಬರೆಯಬೇಕು ಎಂದರೆ ಮೊದಲು ಜೆರಾಕ್ಸ್ ತೆಗೆಸಿಕೊಂಡು ಅದರ ಮೇಲೆ ಬರೆಯಬೇಕು. ಮ್ಯಾಟ್‌ಲ್ಯಾಬಿನಲ್ಲಿ "ಬಿ = ಎ" ಎಂದಾಗ ಮೊದಲಿಗೆ ಹಂಚಿಕೆ ಮಾತ್ರ ನಡೆಯುತ್ತದೆ. ಎರಡರಲ್ಲಿ ಒಂದನ್ನು ತಿದ್ದಲು ಹೊರಟ ಕ್ಷಣದಲ್ಲಿ ಭಾಷೆಯೇ ನಕಲು ಮಾಡಿಕೊಡುತ್ತದೆ. ಇದಕ್ಕೆ ಕಾಪಿ-ಆನ್-ರೈಟ್, ಬರೆಯುವಾಗ ನಕಲು, ಎಂದು ಹೆಸರು. ಸಂಖ್ಯಾಶಾಸ್ತ್ರದವರು ಬಳಸುವ ಆರ್ ಭಾಷೆಯೂ ಹೀಗೆಯೇ ನಡೆದುಕೊಳ್ಳುತ್ತದೆ. ಪೈಥಾನಿನಲ್ಲಿ ಕೋಷ್ಟಕಗಳಿಗಾಗಿ ಬಳಸುವ ಪಾಂಡಾಸ್ ಕೂಡ, ಒಂದು ಕೋಷ್ಟಕದಿಂದ ತೆಗೆದ ಹೊಸ ಕೋಷ್ಟಕಗಳ ಮಟ್ಟಿಗೆ, ತನ್ನ 3.0 ಆವೃತ್ತಿಯಿಂದ ಇದೇ ನಿಯಮವನ್ನು ಅಳವಡಿಸಿಕೊಂಡಿದೆ.

ಆದ್ದರಿಂದ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಬಹಳ ಎಚ್ಚರ ಬೇಕು. ಮ್ಯಾಟ್‌ಲ್ಯಾಬಿನಲ್ಲಿ ಸರಿಯಾಗಿ ಕೆಲಸ ಮಾಡಿದ "ಬಿ = ಎ" ಎಂಬ ಸಾಲನ್ನು ನಂಪೈಗೆ ತಂದರೆ ಎಲ್ಲೂ ದೋಷದ ಸೂಚನೆ ಬರುವುದಿಲ್ಲ, ಅರ್ಥ ಮಾತ್ರ ಬದಲಾಗಿರುತ್ತದೆ. ಈಗಂತೂ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಕೇಳಿದರೆ ಕ್ಷಣದಲ್ಲಿ ಪ್ರೋಗ್ರಾಂ ಬರೆದುಕೊಡುತ್ತವೆ. ಬರೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಸಮ ಚಿಹ್ನೆಯ ಎದುರು ನಿಂತು, ಇಲ್ಲಿ ಮನೆ ಎಷ್ಟು ಎಂದು ಕೇಳಬೇಕಾದವರು ನೀವೇ.

ಹಾಗಾದರೆ ಎಲ್ಲವನ್ನೂ ನಕಲು ಮಾಡೋಣವೇ?

ನನ್ನ ತಪ್ಪಾದ ಮೇಲೆ ಕೆಲವು ದಿನ ನಾನೂ ಹಾಗೆಯೇ ಮಾಡಿದೆ. ಭಯದಿಂದ ಪ್ರತಿ ಸಾಲಿನಲ್ಲೂ ಕಾಪಿ. ಅದೂ ಸರಿಯಲ್ಲ.

ನಂಪೈಯಲ್ಲಿ ಒಂದು ದಶಮಾಂಶ ಸಂಖ್ಯೆಗೆ ಸಾಮಾನ್ಯವಾಗಿ 8 ಬೈಟ್ ಜಾಗ ಬೇಕು. ಅರವತ್ತು ವಿದ್ಯಾರ್ಥಿಗಳ ಆರು ವಿಷಯಗಳಿಗೆ 360 ಸಂಖ್ಯೆಗಳು, 2880 ಬೈಟ್. ನೂರು ಸಲ ನಕಲು ಮಾಡಿದರೂ ಚಿಂತೆಯಿಲ್ಲ. ಸಾವಿರ ಸಾಲು ಸಾವಿರ ಕಂಬವಾದರೆ 80 ಲಕ್ಷ ಬೈಟ್, ಅಂದರೆ 8 ಮೆಗಾಬೈಟ್. ಹತ್ತು ಸಾವಿರ ಸಾಲು ಹತ್ತು ಸಾವಿರ ಕಂಬವಾದರೆ 80 ಕೋಟಿ ಬೈಟ್, 800 ಮೆಗಾಬೈಟ್! ಇಂಥ ಹತ್ತು ನಕಲುಗಳು 8 ಗಿಗಾಬೈಟಿನ ಲ್ಯಾಪ್‌ಟಾಪಿನಲ್ಲಿ ಹಿಡಿಸುವುದಿಲ್ಲ. ನಕಲು ಮಾಡಲು ಸಮಯವೂ ಬೇಕು.

ಹಂಚಿಕೆ ಇರುವುದು ಇದಕ್ಕಾಗಿಯೇ. ಅದು ಭಾಷೆಯ ದೋಷವಲ್ಲ, ಸೌಲಭ್ಯ. 1992ರಲ್ಲಿ ಬಿಡುಗಡೆಯಾಗಿ ಇಂದಿಗೂ ಎಷ್ಟೋ ಗಣಿತದ ತಂತ್ರಾಂಶಗಳ ಅಡಿಪಾಯವಾಗಿರುವ ಲ್ಯಾಪ್ಯಾಕ್‌ನಲ್ಲಿ ಸಮೀಕರಣ ಬಿಡಿಸುವ ಮುಖ್ಯ ಭಾಗಗಳು ನೀವು ಕೊಟ್ಟ ಮ್ಯಾಟ್ರಿಕ್ಸಿನ ಮೇಲೆಯೇ ಉತ್ತರವನ್ನು ಬರೆದುಬಿಡುತ್ತವೆ. ಜಾಗ ಉಳಿಸಲು ಉದ್ದೇಶಪೂರ್ವಕವಾಗಿಯೇ ಹಾಗೆ ಮಾಡಲಾಗಿದೆ, ಕೈಪಿಡಿಯಲ್ಲೂ ತಿಳಿಸಲಾಗಿದೆ. ಅದನ್ನು ಪೈಥಾನಿಗೆ ಒದಗಿಸುವ ಸೈಪೈಯಲ್ಲಿ "ಮೂಲದ ಮೇಲೆ ಬರೆಯಬಹುದೇ?" ಎಂಬ ಆಯ್ಕೆಯನ್ನು ನಿಮಗೇ ಬಿಟ್ಟಿದ್ದಾರೆ. ನೀವು ಏನೂ ಹೇಳದಿದ್ದರೆ "ಬೇಡ" ಎಂದೇ ತಿಳಿಯುತ್ತದೆ.

ತಗಡಿನ ಲೆಕ್ಕಕ್ಕೂ ಸುಲಭ ಪರಿಹಾರವಿದೆ. ಪ್ರತಿ ಸುತ್ತಿನಲ್ಲೂ ಹೊಸ ನಕಲು ಬೇಕಿಲ್ಲ. ಮೊದಲೇ ಎರಡು ಮನೆ ಕಟ್ಟಿ, ಎರಡರಲ್ಲೂ ಅಂಚಿನ ಬೆಲೆಗಳನ್ನು ತುಂಬಿಡಿ. ಒಂದನ್ನು ನೋಡಿಕೊಂಡು ಇನ್ನೊಂದರಲ್ಲಿ ಬರೆಯಿರಿ. ವ್ಯತ್ಯಾಸ ನೋಡಿ. ನಂತರ ಮನೆಗಳ ನಾಮಫಲಕಗಳನ್ನಷ್ಟೇ ಅದಲು ಬದಲು ಮಾಡಿ:

ಹಳೆ, ಹೊಸ = ಹೊಸ, ಹಳೆ

ಒಂದು ಸಂಖ್ಯೆಯೂ ಜಾಗ ಬದಲಿಸುವುದಿಲ್ಲ. ಸಾವಿರ ಸುತ್ತಾದರೂ ಮನೆಗಳು ಎರಡೇ. ಯಾವ ನಿಯಮ ನನ್ನನ್ನು ಮುಗ್ಗರಿಸಿತ್ತೋ ಅದೇ ನಿಯಮ ಇಲ್ಲಿ ನಮ್ಮ ಕೆಲಸವನ್ನು ಹಗುರ ಮಾಡುತ್ತದೆ.

ನಾಲ್ಕು ಅಭ್ಯಾಸಗಳು

ಕೊನೆಯದಾಗಿ, ನೀವು ಇಂದಿನಿಂದಲೇ ರೂಢಿಸಿಕೊಳ್ಳಬಹುದಾದ ನಾಲ್ಕು ಅಭ್ಯಾಸಗಳನ್ನು ಹೇಳುತ್ತೇನೆ.

ಮೊದಲನೆಯದು: ಒಂದು ಮ್ಯಾಟ್ರಿಕ್ಸನ್ನು ತಿದ್ದುವ ಮುನ್ನ, ಇದನ್ನು ಇನ್ನೂ ಯಾರು ಹಿಡಿದುಕೊಂಡಿದ್ದಾರೆ ಎಂದು ಕೇಳಿಕೊಳ್ಳಿ. ನೀವೊಬ್ಬರೇ ಆಗಿದ್ದರೆ ಧೈರ್ಯವಾಗಿ ತಿದ್ದಿ.

ಎರಡನೆಯದು: ಹೋಲಿಸಿ ನೋಡಲು, ತಾಳೆ ನೋಡಲು, ಹಿಂದಕ್ಕೆ ಹೋಗಲು ಬೇಕಾದದ್ದನ್ನು ಯಾವಾಗಲೂ ನಕಲು ಮಾಡಿಯೇ ಇಡಿ. ಸಾಕ್ಷಿಯ ವಿಷಯದಲ್ಲಿ ಜಿಪುಣತನ ಬೇಡ.

ಮೂರನೆಯದು: ನೀವು ಬರೆಯುವ ಫಂಕ್ಷನ್ ಕೊಟ್ಟದ್ದನ್ನೇ ತಿದ್ದುತ್ತದೆಯೋ, ಹೊಸದನ್ನು ಮಾಡಿ ಕೊಡುತ್ತದೆಯೋ ಎಂಬುದನ್ನು ಅದರ ಮೇಲೆ ಒಂದು ಸಾಲು ಬರೆದು ತಿಳಿಸಿ. ಪೈಥಾನಿನಲ್ಲೇ ಪಟ್ಟಿಯ ಸಾರ್ಟ್ ಇದ್ದ ಪಟ್ಟಿಯನ್ನೇ ಜೋಡಿಸುತ್ತದೆ, ಸಾರ್ಟೆಡ್ ಹೊಸ ಪಟ್ಟಿ ಕೊಡುತ್ತದೆ. ಹೆಸರಿನಲ್ಲೇ ವ್ಯತ್ಯಾಸ ಮಾಡಿದ್ದಾರೆ. ನಾಳೆ ನಿಮ್ಮ ಪ್ರೋಗ್ರಾಮನ್ನು ಬಳಸುವವರು ಬೇರೆಯವರು, ಅವರು ಊಹಿಸುವಂತೆ ಆಗಬಾರದು.

ನಾಲ್ಕನೆಯದು: ಸಂಶಯ ಬಂದರೆ ಪರೀಕ್ಷಿಸಿ. ಎರಡು ಮೂರು ಸಾಲಿನ ಪುಟ್ಟ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ನಕಲು ಎಂದು ತಿಳಿದಿರುವುದರ ಒಂದು ಮನೆಯಲ್ಲಿ 999 ಬರೆಯಿರಿ. ಮೂಲವನ್ನು ಮುದ್ರಿಸಿ. ಅಲ್ಲಿಯೂ 999 ಕಂಡರೆ ಅದು ನಕಲಲ್ಲ. ಒಂದು ನಿಮಿಷದ ಕೆಲಸ. ಎರಡು ಹೆಸರು ಒಂದೇ ವಸ್ತುವಿನದ್ದೇ ಎಂದು ತಿಳಿಯಲು ಪೈಥಾನಿನಲ್ಲಿ "ಈಸ್" ಎಂಬ ಪದವಿದೆ. ಎರಡು ಮ್ಯಾಟ್ರಿಕ್ಸ್‌ಗಳು ಜಾಗ ಹಂಚಿಕೊಂಡಿವೆಯೇ ಎಂದು ನೋಡಲು ನಂಪೈಯಲ್ಲಿ ಶೇರ್ಸ್ ಮೆಮೊರಿ ಎಂಬ ಫಂಕ್ಷನ್ ಇದೆ. ಕೋಣೆಗಳನ್ನೂ ಅದು ಗುರುತು ಹಿಡಿಯುತ್ತದೆ.

ಆ ವಿದ್ಯಾರ್ಥಿನಿಯ ವಿಷಯ ಹೇಳದೆ ಮುಗಿಸಿದರೆ ನೀವು ಕೇಳಿಯೇ ಕೇಳುತ್ತೀರಿ. ಆ ದಿನ ಅವಳ ತಂದೆ ಎಲ್ಲವನ್ನೂ ಕೇಳಿ, "ಇದನ್ನು ಇವಳಿಗೂ ಸರಿಯಾಗಿ ಹೇಳಿಕೊಡಿ ಮಾಸ್ಟ್ರೇ, ಇವಳು ಕಲಿಯಲಿ" ಎಂದರು. ಮಾರನೆಯ ವಾರ ಲ್ಯಾಬಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಆ ತಪ್ಪು ಪ್ರೋಗ್ರಾಮನ್ನೇ ತೆರೆದೆ. ತಪ್ಪಿನ ಸಾಲನ್ನು ನಾನು ತೋರಿಸಲಿಲ್ಲ. ಹತ್ತು ನಿಮಿಷ ನೋಡಿ ಅವಳೇ ಬೆರಳಿಟ್ಟು, "ಸರ್, ಇಲ್ಲಿ ಪಟ್ಟಿ ಒಂದೇ ಇದೆ ಅಲ್ವಾ?" ಎಂದಳು. ಗಣಿತದ ಮುಂದಿನ ಪರೀಕ್ಷೆಯಲ್ಲಿ ಅವಳು ಪಾಸಾದಳು. ಆ ಸಲ ಪಟ್ಟಿಯನ್ನು ಬೋರ್ಡಿಗೆ ಹಾಕುವ ಮೊದಲು ಕಾಗದದ ಪಟ್ಟಿಗೆ ನಾನು ಮೂರು ಸಲ ತಾಳೆ ನೋಡಿದ್ದೆ.

ನಿಮ್ಮಲ್ಲಿ ಕೆಲವರು ನಾಳೆ ಬ್ಯಾಂಕಿನ ಲೆಕ್ಕ ಬರೆಯುತ್ತೀರಿ, ಕೆಲವರು ಆಸ್ಪತ್ರೆಯ ವರದಿಗಳ ಪ್ರೋಗ್ರಾಂ ಬರೆಯುತ್ತೀರಿ, ಕೆಲವರು ನನ್ನಂತೆ ಅಂಕಪಟ್ಟಿ ಸಿದ್ಧಪಡಿಸುತ್ತೀರಿ. ಆ ಸಂಖ್ಯೆಗಳ ಹಿಂದೆ ನೀವು ನೋಡದ ಮನೆಗಳು ಇರುತ್ತವೆ. ಹಳೆಯದನ್ನು ತೆಗೆದಿಟ್ಟಿದ್ದೇನೆ ಎಂದು ಹೇಳುವ ಮೊದಲು ಅದು ನಿಜವಾಗಿಯೂ ಬೇರೆಯಾಗಿ ಇದೆಯೇ ಎಂದು ಒಮ್ಮೆ ನೋಡಿ.